ಕ್ರೀಡಾ ವಸತಿ ನಿಲಯಗಳಿಗೆ ಆಪ್ತ ಸಮಾಲೋಚಕರನ್ನು ಕೊಡಿ: ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ ನಮಸ್ಕಾರಗಳು.

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಮಕ್ಕಳಿಗೆ ಲಾಂಗ್ ಜಂಪ್ ಹೇಳಿಕೊಡುವವನು ನಾನು. ತಮ್ಮಲ್ಲಿ ಒಂದೇ ಬೇಡಿಕೆ. ಬೆಂಗಳೂರಿನ ವಿದ್ಯಾನಗರದ ನಿಲಯದಿಂದ ಮೊದಲ್ಗೊಂಡು ಇಲಾಖೆಯ ಪ್ರತಿ ಕ್ರೀಡಾ ವಸತಿ ನಿಲಯಕ್ಕೂ ಕ್ರೀಡಾ ಮನೋವಿಜ್ಞಾನ ಬಲ್ಲ ಒಬ್ಬ ಆಪ್ತ ಸಮಾಲೋಚಕರು ಕಾಯಂ ಆಗಿ ಬೇಕು.

ಲಾಂಗ್ ಜಂಪ್‌ನಲ್ಲಿ ಸಾಮಾನ್ಯವಾಗಿ ಮೊದಲು ಸಿಗುವುದು ಮೂರು ಅವಕಾಶ. ಮೊದಲ ಎಂಟು ಜನರಿಗಷ್ಟೇ ಮುಂದಿನ ಜಿಗಿತಗಳು. ಜಿಗಿಯುವ ಹಲಗೆಯನ್ನು ಮೀರಿ ತುಳಿದು ಎರಡು ಫೌಲ್ ಮಾಡಿ ಮೂರನೆಯದಕ್ಕೆ ನಿಂತ ಹುಡುಗಿಯ ಮುಖವನ್ನು ತಾವೊಮ್ಮೆ ನೋಡಬೇಕು. ಓಡಿ ಓಡಿ ಕಾಲಿಗೆ ಒಗ್ಗಿಹೋಗಿದ್ದ ಹೆಜ್ಜೆಗಳನ್ನು ಆ ಗಳಿಗೆಯಲ್ಲಿ ಅವಳು ಒಂದೊಂದಾಗಿ ಎಣಿಸತೊಡಗುತ್ತಾಳೆ. ಎಣಿಸಿದ ಕೂಡಲೇ ಲಯ ತಪ್ಪುತ್ತದೆ, ಹಲಗೆ ಹತ್ತಿರವಾದಂತೆ ವೇಗ ಕುಸಿಯುತ್ತದೆ. ಗ್ಯಾಲರಿಯಿಂದ ಅಪ್ಪ, ಇತ್ತ ಕೋಚ್, ಇಬ್ಬರೂ ಕೂಗುತ್ತಾರೆ: 'ಕಾಲು ನೋಡ್ಕೊಂಡು ಓಡಮ್ಮಾ!' ಅವಳಿಗೆ ತೊಂದರೆಯಾಗಿರುವುದೇ ಅದರಿಂದ. ಚೆನ್ನಾಗಿ ಪಳಗಿದ ಕೌಶಲದ ಮೇಲೆ ಒತ್ತಡದಲ್ಲಿ ಅತಿಯಾದ ಗಮನ ಹರಿದರೆ ಅದು ಕೆಡಬಹುದೆಂದು ಕ್ರೀಡಾ ಮನೋವಿಜ್ಞಾನಿಗಳು ಬಹಳ ಹಿಂದೆಯೇ ತೋರಿಸಿದ್ದಾರೆ. ದಾರಿಯನ್ನೂ ಹೇಳಿದ್ದಾರೆ: ಓಟಕ್ಕೆ ಮುನ್ನ ಪ್ರತಿ ಸಲವೂ ಅದೇ ಕ್ರಮ, ಒಂದು ದೀರ್ಘ ಉಸಿರು, ಹಲಗೆಯಾಚೆ ನೆಟ್ಟ ನೋಟ, ಮನಸ್ಸಿನಲ್ಲಿ ಒಂದೇ ಪದ. ಕೂಟದ ಹಿಂದಿನ ಸಂಜೆ ಹೇಳಿಕೊಟ್ಟರೆ ಇದು ಬರುವುದಿಲ್ಲ. ಸೀಸನ್ ಪೂರ್ತಿ ಜೊತೆಗಿದ್ದು ರೂಢಿ ಮಾಡಿಸುವವರು ಬೇಕು. ವರ್ಷಕ್ಕೊಂದು ಸ್ಫೂರ್ತಿ ಭಾಷಣ ಏರ್ಪಡಿಸಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ದೊಡ್ಡ ತಂಡಗಳಿಗೆ ಈ ನೆರವು ಹೊಸದಲ್ಲ. ನಮ್ಮೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲೇ ತಯಾರಾಗುವ ಭಾರತದ ಪುರುಷರ ಹಾಕಿ ತಂಡದ ಜೊತೆ ಮನೋಬಲ ತರಬೇತುದಾರ ಪ್ಯಾಡಿ ಅಪ್ಟನ್ ಇದ್ದರು, 2024ರಲ್ಲಿ ಪ್ಯಾರಿಸ್‌ನಿಂದ ಕಂಚು ಬಂತು. ಅಪ್ಪ ಅಮ್ಮನನ್ನು ಬಿಟ್ಟು ಬಂದು ಹಾಸ್ಟೆಲ್‌ನಲ್ಲಿ ಬೆಳೆಯುವ ಮಕ್ಕಳಿಗೆ ಅದರ ಅಗತ್ಯ ಇನ್ನೂ ಹೆಚ್ಚು. ಸ್ನಾಯು ಹರಿದು ತಿಂಗಳುಗಟ್ಟಲೆ ಕೂತ ಹುಡುಗನಿಗೆ ಫಿಸಿಯೊ ಕಾಲು ನೋಡುತ್ತಾರೆ. ಓಟವಿಲ್ಲದೆ ತಾನು ಯಾರು ಎಂಬ ಭಯವನ್ನು ಅವನು ಯಾರ ಮುಂದೆ ಇಡಬೇಕು? ಭಾರತಕ್ಕೆ ಆಡಿದ ನಮ್ಮ ರಾಬಿನ್ ಉತ್ತಪ್ಪ ಅವರೇ ಖಿನ್ನತೆಯೊಂದಿಗೆ ಹೆಣಗಿದ್ದನ್ನು 2020ರಲ್ಲಿ ಬಾಯಿಬಿಟ್ಟು ಹೇಳಿದರು. ಹದಿಮೂರರ ಹುಡುಗ ಹೇಗೆ ಹೇಳಿಯಾನು?

ಕೋಚ್‌ಗೆ ಹೇಳಬಹುದಲ್ಲ ಎನ್ನುತ್ತಾರೆ. ಹೇಳುವುದಿಲ್ಲ ಸ್ವಾಮಿ. ತಂಡ ಆರಿಸುವವರ ಮುಂದೆ 'ನಿದ್ದೆ ಬರ್ತಿಲ್ಲ ಸಾರ್' ಎನ್ನಲು ಯಾವ ಮಗುವಿಗೂ ಧೈರ್ಯವಿರದು. ಹೀಗಾಗಿ ಸಮಾಲೋಚಕರು ಕೋಚ್‌ನ ಕೈಕೆಳಗೆ ಇರಕೂಡದು. ಜೀವಕ್ಕೆ ಅಪಾಯವಿದ್ದರೆ ಮಾತು ಬೇರೆ, ಉಳಿದಂತೆ ಮಗು ಹೇಳಿದ್ದು ಆ ಕೋಣೆಯಲ್ಲೇ ಉಳಿಯಬೇಕು.

14416ರ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಅದರ ಸಂಖ್ಯೆ ಪ್ರತಿ ಹಾಸ್ಟೆಲ್ ಗೋಡೆಯ ಮೇಲಿರಲಿ. ಕೋಚ್‌ಗಳಾದ ನಮಗೂ ತರಬೇತಿ ಬೇಕು. ನಿಮ್ಹಾನ್ಸ್ ಇರುವ ಊರಿನಲ್ಲಿ ಅದಕ್ಕೆ ದೂರ ಹೋಗಬೇಕಿಲ್ಲ.

ಮುಂದಿನ ಬಜೆಟ್‌ನಲ್ಲಿ ಈ ಹುದ್ದೆಗಳನ್ನು ಮಂಜೂರು ಮಾಡಿ. ಆದೇಶ ಬರೆಸುವಾಗ, ಸಮಾಲೋಚಕರ ಟಿಪ್ಪಣಿಗಳು ಆಯ್ಕೆ ಸಮಿತಿಯ ಕೈಗೆ ಹೋಗತಕ್ಕದ್ದಲ್ಲ ಎಂಬ ಸಾಲನ್ನು ದಯವಿಟ್ಟು ಸೇರಿಸಿ.

ಇತಿ,
ಕಂಠೀರವದ ಒಬ್ಬ ಅಥ್ಲೆಟಿಕ್ಸ್ ತರಬೇತುದಾರ