ಮೊದಲು ಗಲೀಜು ತೊಳೆಯಿರಿ, ಆಮೇಲೆ ಔಷಧ

ಮಾನ್ಯರೇ,

ಆಫ್ರಿಕನ್ ಹಂದಿ ಜ್ವರದ ಸುದ್ದಿ ಬಂದ ಕೂಡಲೇ ಸಾಕಣೆದಾರರು ಬ್ಲೀಚಿಂಗ್ ಪೌಡರ್ ಚೆಲ್ಲಲು ಶುರು ಮಾಡುತ್ತಾರೆ. ಮಲ, ಮೇವಿನ ಚೂರು, ಕೆಸರು ಎಲ್ಲ ಹಾಗೇ ಇರುತ್ತವೆ, ಅದರ ಮೇಲೆ ಬಿಳಿ ಪುಡಿ! ಅದರಲ್ಲಿನ ಕ್ಲೋರಿನ್ ಗಲೀಜಿನ ಜೊತೆಗೇ ಸೇರಿ ಮುಗಿದುಹೋಗುತ್ತದೆ, ವೈರಸ್‌ಗೆ ತಟ್ಟುವುದೇ ಇಲ್ಲ. ಸುಮ್ನೆ ದುಡ್ಡು ದಂಡ.

ಮೊದಲು ಕೆರೆದು ತೆಗೆಯಬೇಕು. ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು, ಒಣಗಲು ಬಿಡಬೇಕು. ಔಷಧದ ಸರದಿ ಆಮೇಲೆ. ಈ ವೈರಸ್‌ಗೆ ಲೀಟರ್ ನೀರಿಗೆ 8 ಗ್ರಾಂ ಕಾಸ್ಟಿಕ್ ಸೋಡಾ ಸಾಕು, ಆದರೆ ನೆಲ 30 ನಿಮಿಷ ಒದ್ದೆಯಾಗಿಯೇ ಇರಬೇಕು. ಸಿಂಪಡಿಸಿ ಎರಡೇ ನಿಮಿಷಕ್ಕೆ ನೀರು ಹೊಡೆದರೆ ಏನು ಬಂತು? ಕೈಗವಸು, ಕನ್ನಡಕ ಮರೆಯಬೇಡಿ, ಅದು ಚರ್ಮ ಸುಡುತ್ತದೆ.

ಎಲ್ಲ ವೈರಸ್‌ಗೂ ಒಂದೇ ಮದ್ದು ಅನ್ನುವುದೂ ಸರಿಯಲ್ಲ. ಕಾಲುಬಾಯಿ ರೋಗದ ವೈರಸ್‌ಗೆ ಕೊಬ್ಬಿನ ಹೊದಿಕೆ ಇಲ್ಲ. ಹಾಗಾಗಿ ಅಂಥ ಹೊದಿಕೆಯನ್ನು ಒಡೆದು ಕೆಲಸ ಮಾಡುವ ಕೆಲವು ಸೋಂಕುನಿವಾರಕಗಳು ಅದರ ಮುಂದೆ ಸೋಲುತ್ತವೆ. ಅದಕ್ಕೆ ಸಿಟ್ರಿಕ್ ಆಮ್ಲ ಅಥವಾ ವಾಷಿಂಗ್ ಸೋಡಾ ಹಿಡಿಸುತ್ತದೆ. ಆದರೆ ಬ್ಲೀಚಿಂಗ್ ಪೌಡರ್ ಜೊತೆ ಆಮ್ಲ ಬೆರೆಸಿದರೆ ವಿಷಾನಿಲ ಏಳುತ್ತದೆ, ಜೋಕೆ.

ಬಾಗಿಲ ಬಳಿಯ ಬೂಟು ಅದ್ದುವ ತೊಟ್ಟಿಯದಂತೂ ಬೇರೆಯೇ ಕಥೆ. ಕಂದು ಬಣ್ಣಕ್ಕೆ ತಿರುಗಿದ ನೀರು ಕೆಸರು ನೀರೇ ಅಲ್ವಾ? ಅದನ್ನು ದಿನವೂ ಬದಲಿಸಬೇಕು. ಹಂದಿ ಸಾಗಿಸುವ ಗಾಡಿಯ ಚಕ್ರವನ್ನೂ ಹೀಗೆಯೇ ತೊಳೆಯಬೇಕು. ಪಶುವೈದ್ಯ ಇಲಾಖೆಯವರು ಔಷಧ ಹಂಚುವಾಗ ಒಂದು ಗಟ್ಟಿ ಬ್ರಷ್ಷನ್ನೂ ಜೊತೆಗೆ ಕೊಡಲಿ.

– ಒಬ್ಬ ಹಂದಿ ಸಾಕಣೆದಾರ