ಜಿಮ್ ಥಾರ್ಪ್‌ಗೆ ಅಂಟಿಸಿದ ಕಳಂಕ ಅಳಿಸಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಒಲಿಂಪಿಕ್ಸ್ ಇತಿಹಾಸದ ಕಿರು ಅಂಕಣದಲ್ಲಿ ಜಿಮ್ ಥಾರ್ಪ್ ಅವರನ್ನು ‘ನಿಯಮ ಮುರಿದು ಎರಡು ಚಿನ್ನದ ಪದಕ ಕಳೆದುಕೊಂಡ ಅಮೆರಿಕದ ಅಥ್ಲೀಟ್’ ಎಂದು ಪರಿಚಯಿಸಲಾಗಿದೆ. ಅಷ್ಟಕ್ಕೇ ಟಿಪ್ಪಣಿ ಮುಗಿದಿದೆ. ದೈಹಿಕ ಶಿಕ್ಷಣ ಶಿಕ್ಷಕನಾಗಿ ಮಕ್ಕಳಿಗೆ ಥಾರ್ಪ್ ಅವರ ಕಥೆ ಹೇಳುತ್ತಲೇ ಬಂದ ನನಗೆ ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಆ ಪ್ರಕರಣದಲ್ಲಿ ನಿಯಮ ಮುರಿದವರು ಮುಖ್ಯವಾಗಿ ಶಿಕ್ಷೆ ಕೊಟ್ಟವರು.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಥಾರ್ಪ್ ಪೆಂಟಾಥ್ಲಾನ್ ಮತ್ತು ಡೆಕಥ್ಲಾನ್ ಎರಡನ್ನೂ ಗೆದ್ದರು. ಪೆಂಟಾಥ್ಲಾನ್‌ನ ಐದು ಸ್ಪರ್ಧೆಗಳಲ್ಲಿ ನಾಲ್ಕರಲ್ಲಿ ಅವರೇ ಮೊದಲಿಗರು. ಹತ್ತು ಸ್ಪರ್ಧೆಗಳ ಡೆಕಥ್ಲಾನ್‌ನಲ್ಲಿ ಅವರು ಗಳಿಸಿದ್ದು ಅಂದಿನ ಲೆಕ್ಕದಲ್ಲಿ 8,412 ಅಂಕ. ಎರಡನೆಯವರಾದ ಸ್ವೀಡನ್ನಿನ ಹ್ಯೂಗೊ ವೀಸ್‌ಲಾಂಡರ್ 688 ಅಂಕ ಹಿಂದಿದ್ದರು. ಅಂಕಕ್ಕಿಂತ ನನ್ನನ್ನು ಬೆರಗುಗೊಳಿಸುವುದು ಅವರು ಯಾವ ಯಾವ ಸ್ಪರ್ಧೆಗಳಲ್ಲಿ ಮುಂದಿದ್ದರು ಎಂಬುದು. ಗುಂಡು ಎಸೆಯಲು ಮೈಯಲ್ಲಿ ತೂಕ ಬೇಕು, 1,500 ಮೀಟರ್ ಓಡಲು ಅದೇ ತೂಕ ಶತ್ರು. ಥಾರ್ಪ್ 12.89 ಮೀಟರ್ ಗುಂಡು ಎಸೆದು ಅಲ್ಲಿಯೂ ಮೊದಲಿಗರಾದರು, ಮೂರನೆಯ ದಿನದ ಕೊನೆಗೆ 1,500 ಮೀಟರನ್ನು 4 ನಿಮಿಷ 40.1 ಸೆಕೆಂಡಿನಲ್ಲಿ ಓಡಿ ಅಲ್ಲಿಯೂ ಮೊದಲಿಗರಾದರು. ಮಧ್ಯೆ ಎತ್ತರ ಜಿಗಿತ ಮತ್ತು ಹರ್ಡಲ್ಸ್‌ನಲ್ಲೂ ಅವರನ್ನು ಮೀರಿಸಿದವರಿಲ್ಲ. ಮೈದಾನದಲ್ಲಿ ಮಕ್ಕಳನ್ನು ತಯಾರು ಮಾಡಿದ ಯಾರನ್ನಾದರೂ ಕೇಳಿ, ಇದು ಎಂಥ ಅಪರೂಪ ಎಂದು ಹೇಳುತ್ತಾರೆ. ಸ್ಟಾಕ್‌ಹೋಮ್‌ನ ಒಂದು ಚಿತ್ರದಲ್ಲಿ ಅವರ ಎರಡು ಕಾಲಲ್ಲಿ ಎರಡು ಬಗೆಯ ಶೂಗಳಿವೆ, ಕಾಲುಚೀಲಗಳೂ ಬೇರೆ ಬೇರೆ. ತಮ್ಮ ಶೂ ಕಾಣೆಯಾಗಿ, ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಕಣಕ್ಕಿಳಿದರು ಎಂಬ ಮಾತು ಪ್ರಚಲಿತವಾಗಿದೆ.

ಇನ್ನು ‘ಅಪರಾಧ’ದ ವಿಷಯ. 1909 ಮತ್ತು 1910ರಲ್ಲಿ ಅವರು ನಾರ್ತ್ ಕ್ಯಾರೊಲಿನಾದ ಸಣ್ಣ ಲೀಗ್‌ನಲ್ಲಿ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರು. ಆಗಿನ ಒಲಿಂಪಿಕ್ಸ್‌ನಲ್ಲಿ ಹಣಕ್ಕಾಗಿ ಆಡಿದವರಿಗೆ ಪ್ರವೇಶವಿರಲಿಲ್ಲ. ಬೇಸಿಗೆ ರಜೆಯಲ್ಲಿ ಹೀಗೆ ಆಡುತ್ತಿದ್ದ ಕಾಲೇಜು ಹುಡುಗರು ಬೇರೆಯೂ ಇದ್ದರು. ಅವರಲ್ಲಿ ಹಲವರು ಸುಳ್ಳು ಹೆಸರಿನಲ್ಲಿ ಆಡಿ ಪಾರಾದರು, ಥಾರ್ಪ್ ತಮ್ಮ ಹೆಸರಿನಲ್ಲೇ ಆಡಿದರು. 1913ರ ಜನವರಿಯಲ್ಲಿ ಪತ್ರಿಕೆಯೊಂದು ಇದನ್ನು ಬಯಲು ಮಾಡಿತು. ಅವರು ಓದುತ್ತಿದ್ದ ಕಾರ್ಲೈಲ್ ಶಾಲೆಯ ಕೋಚ್ ಮತ್ತು ಮುಖ್ಯಸ್ಥರು ತಮಗೇನೂ ಗೊತ್ತಿರಲಿಲ್ಲ ಎಂದು ಕೈತೊಳೆದುಕೊಂಡರು. ಪದಕಗಳನ್ನು ವಾಪಸು ಪಡೆದು, ದಾಖಲೆಯಿಂದ ಹೆಸರನ್ನೂ ಅಳಿಸಿ, ಚಿನ್ನವನ್ನು ಎರಡನೆಯ ಸ್ಥಾನದಲ್ಲಿದ್ದವರಿಗೆ ಕೊಡಲಾಯಿತು.

ಆದರೆ ಸ್ಟಾಕ್‌ಹೋಮ್ ಕೂಟದ ನಿಯಮಾವಳಿಯಲ್ಲೇ ಇನ್ನೊಂದು ಮಾತಿತ್ತು: ಸ್ಪರ್ಧಿಯ ಅರ್ಹತೆಯ ಬಗ್ಗೆ ಆಕ್ಷೇಪವಿದ್ದರೆ ಕೂಟ ಮುಗಿದ 30 ದಿನಗಳೊಳಗೆ ಸಲ್ಲಿಸಬೇಕು. ಥಾರ್ಪ್ ಮೇಲೆ ಆರೋಪ ಬಂದದ್ದು ಸುಮಾರು ಆರು ತಿಂಗಳ ಮೇಲೆ. ಅಂದರೆ ಆ ದೂರನ್ನು ಸ್ವೀಕರಿಸಲೇಬಾರದಿತ್ತು.

ಥಾರ್ಪ್ ಸ್ಯಾಕ್ ಆ್ಯಂಡ್ ಫಾಕ್ಸ್ ಬುಡಕಟ್ಟಿನವರು, ಈಗಿನ ಒಕ್ಲಹೋಮದಲ್ಲಿ 1887ರಲ್ಲಿ ಹುಟ್ಟಿದವರು. ಕಾರ್ಲೈಲ್ ಎಂದರೆ ಮೂಲನಿವಾಸಿ ಮಕ್ಕಳ ಕೂದಲು ಕತ್ತರಿಸಿ, ಮನೆಮಾತು ಮರೆಸಿ, ಬಿಳಿಯರ ರೀತಿನೀತಿ ಕಲಿಸಲೆಂದೇ ಕಟ್ಟಿದ ವಸತಿ ಶಾಲೆ. ಅಮೆರಿಕದ ಎಲ್ಲ ಮೂಲನಿವಾಸಿಗಳಿಗೆ ಪೌರತ್ವ ಸಿಕ್ಕಿದ್ದು 1924ರಲ್ಲಿ. ಅಂಥ ಹಿನ್ನೆಲೆಯ ಹುಡುಗನ ಪರವಾಗಿ ಆ ದಿನ ನಿಯಮಪುಸ್ತಕ ತೆರೆದು ತೋರಿಸುವವರು ಒಬ್ಬರೂ ಇರಲಿಲ್ಲ. ಇದೇ ನನ್ನನ್ನು ಹೆಚ್ಚು ನೋಯಿಸುವ ಸಂಗತಿ.

ಪದಕ ಹೋದ ಮೇಲೂ ಅವರು ಆಟ ಬಿಡಲಿಲ್ಲ. ನ್ಯೂಯಾರ್ಕ್ ಜೈಂಟ್ಸ್ ಸೇರಿದಂತೆ ದೊಡ್ಡ ಬೇಸ್‌ಬಾಲ್ ತಂಡಗಳಲ್ಲಿ 1919ರವರೆಗೆ ಆಡಿದರು. ಅಮೆರಿಕನ್ ಫುಟ್‌ಬಾಲ್‌ನಲ್ಲಂತೂ ಕಾರ್ಲೈಲ್ ದಿನಗಳಿಂದಲೇ ಅವರದು ದೊಡ್ಡ ಹೆಸರು. 1911ರಲ್ಲಿ ಹಾರ್ವರ್ಡ್‌ನಂಥ ಬಲಿಷ್ಠ ತಂಡವನ್ನು ಕಾರ್ಲೈಲ್ 18–15ರಿಂದ ಸೋಲಿಸಿದಾಗ ಚೆಂಡನ್ನು ಗೋಲ್ ಕಂಬಗಳ ನಡುವೆ ಒದ್ದು ನಾಲ್ಕು ಫೀಲ್ಡ್ ಗೋಲ್ ಹೊಡೆದವರು ಅವರೇ. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಇಂದಿನ ಎನ್‌ಎಫ್‌ಎಲ್ 1920ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದಾಗ ಅದರ ಮೊದಲ ಅಧ್ಯಕ್ಷರೂ ಥಾರ್ಪ್. ಆಟ ನಿಂತ ಮೇಲಿನ ಬದುಕು ಕಷ್ಟದ್ದು: ಕೂಲಿ ಕೆಲಸ, ಹಾಲಿವುಡ್‌ನಲ್ಲಿ ಸಣ್ಣಪುಟ್ಟ ಪಾತ್ರ, ಬಡತನ. 1953ರ ಮಾರ್ಚ್ 28ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡಾಗ ಪದಕಗಳು ಇನ್ನೂ ಮರಳಿರಲಿಲ್ಲ. ಆಗ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದವರು ಏವರಿ ಬ್ರಂಡೇಜ್. 1912ರಲ್ಲಿ ಇವೇ ಎರಡು ಸ್ಪರ್ಧೆಗಳಲ್ಲಿ ಥಾರ್ಪ್ ಎದುರು ಕಣಕ್ಕಿಳಿದು ಸೋತವರು ಅವರು. 1972ರವರೆಗೆ ಆ ಹುದ್ದೆಯಲ್ಲಿದ್ದರೂ ಪದಕ ಮರಳಿಸಲು ಅವರು ಒಪ್ಪಲೇ ಇಲ್ಲ.

ಸಮಿತಿ ಮೊದಲು ಮಣಿದದ್ದು 1982ರಲ್ಲಿ. ಮರುವರ್ಷ ಥಾರ್ಪ್ ಮಕ್ಕಳಿಗೆ ಪದಕಗಳ ಪ್ರತಿಕೃತಿ ಕೊಟ್ಟರು. ಆದರೆ ಅವರನ್ನು ಜಂಟಿ ವಿಜೇತ ಎಂದಷ್ಟೇ ಒಪ್ಪಿಕೊಂಡರು. ಅಷ್ಟೊಂದು ಅಂಕಗಳಿಂದ ಗೆದ್ದವರು ಜಂಟಿ ವಿಜೇತರಾಗುವುದು ಹೇಗೆ? ಆ ಅರೆಬರೆ ನ್ಯಾಯ ಸರಿಹೋಗಲು ಇನ್ನೂ 40 ವರ್ಷ ಬೇಕಾಯಿತು. 2022ರ ಜುಲೈ 15ರಂದು ಸಮಿತಿ ಥಾರ್ಪ್ ಅವರೊಬ್ಬರೇ ವಿಜೇತ ಎಂದು ಘೋಷಿಸಿತು. ಇದಕ್ಕೆ ಸ್ವೀಡನ್ನಿನ ಒಲಿಂಪಿಕ್ ಸಮಿತಿಯೂ ವೀಸ್‌ಲಾಂಡರ್ ಕುಟುಂಬದವರೂ ಒಪ್ಪಿದ್ದರು. ವೀಸ್‌ಲಾಂಡರ್ ತಮಗೆ ಬಂದ ಚಿನ್ನವನ್ನು ಎಂದೂ ತಮ್ಮದೆಂದು ಒಪ್ಪಿಕೊಂಡಿರಲಿಲ್ಲ, ನಿಜವಾದ ವಿಜೇತ ಥಾರ್ಪ್ ಎಂದೇ ನಂಬಿದ್ದರು ಎಂದು ಕುಟುಂಬದವರು ತಿಳಿಸಿದರು. ಎದುರಾಳಿಯ ಈ ದೊಡ್ಡತನವೂ ನಮ್ಮ ಮಕ್ಕಳಿಗೆ ಗೊತ್ತಾಗಬೇಕು.

ತಮ್ಮ ಅಂಕಣವನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ಮುಂದಿನ ಕಂತಿನಲ್ಲಿಯೇ, ಅದೇ ಜಾಗದಲ್ಲಿ ತಿದ್ದುಪಡಿ ಹಾಕಬೇಕೆಂದು ಕೋರುತ್ತೇನೆ. ಸರಿಯಾದ ವಿವರ ಇಷ್ಟು: 1912, ಡೆಕಥ್ಲಾನ್: ಚಿನ್ನ ಜಿಮ್ ಥಾರ್ಪ್, ಬೆಳ್ಳಿ ಹ್ಯೂಗೊ ವೀಸ್‌ಲಾಂಡರ್. ಪೆಂಟಾಥ್ಲಾನ್: ಚಿನ್ನ ಜಿಮ್ ಥಾರ್ಪ್, ಬೆಳ್ಳಿ ನಾರ್ವೆಯ ಫರ್ಡಿನಾಂಡ್ ಬಿಯೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಶಿವಮೊಗ್ಗ