ಪುಸ್ತಿಕೆ ತಡವಾಗಿದ್ದೇಕೆ, ದಪ್ಪವಾಗಿದ್ದೇಕೆ

ಪ್ರಿಯ ಚಂದಾದಾರರೇ,

ಅಂಗಡಿ ನಡೆಸಿದವರ ಬದುಕಿನ ಈ ಮಾಲೆಯಲ್ಲಿ ರಾಜಕೀಯ ಬರುವುದಿಲ್ಲ ಅಂತ ನಿಮಗೆ ಮಾತು ಕೊಟ್ಟಿದ್ದೆವು. ಆ ಮಾತು ಈ ತಿಂಗಳು ಮುರಿದಿದ್ದೇವೆ. 32 ಪುಟ ಇದ್ದದ್ದು 48 ಆಗಿದೆ, ಹತ್ತು ದಿನ ತಡವೂ ಆಗಿದೆ. ಬೆಲೆ ಮಾತ್ರ ಅದೇ 40 ರೂಪಾಯಿ. ಇದಕ್ಕೆಲ್ಲ ಕಾರಣ ಈ ಸಲದ ಪುಸ್ತಿಕೆಯ ವ್ಯಕ್ತಿ, ವ್ಯಾಪಾರದಿಂದ ರಾಜಕೀಯಕ್ಕೆ ಹೋದ ನೈಜೀರಿಯಾದ ಪೀಟರ್ ಓಬಿ.

ಇಗ್ಬೋ ಜನಾಂಗದವರು. 1961ರಲ್ಲಿ ನೈಜರ್ ನದಿ ದಂಡೆಯ ಒನಿಚಾದಲ್ಲಿ ಹುಟ್ಟಿದರು. ಊರೇ ಒಂದು ದೊಡ್ಡ ಮಾರುಕಟ್ಟೆ. ಎನ್ಸುಕ್ಕಾದ ವಿಶ್ವವಿದ್ಯಾಲಯದಲ್ಲಿ ಓದಿದ್ದು ತತ್ವಶಾಸ್ತ್ರ, ಹಿಡಿದದ್ದು ತಕ್ಕಡಿ. ಹೊರದೇಶದ ಸಾಮಾನು ತರಿಸಿ ಮಾರಿದರು, ನೆಕ್ಸ್ಟ್ ಇಂಟರ್‌ನ್ಯಾಷನಲ್ ಕಂಪನಿ ಬೆಳೆಸಿದರು, ಫಿಡೆಲಿಟಿ ಬ್ಯಾಂಕಿನ ಅಧ್ಯಕ್ಷರೂ ಆದರು. ನಮ್ಮ ಮೊದಲ ಕರಡು ಇಲ್ಲಿಗೇ ನಿಂತಿತ್ತು. ಓದಿದರೆ ಸಪ್ಪೆ. ಅರ್ಧ ಮನುಷ್ಯನನ್ನು ಪ್ಯಾಕ್ ಮಾಡಿ ಕಳಿಸಿದ ಹಾಗೆ.

ಉಳಿದರ್ಧ ಶುರುವಾಗುವುದು 2003ರಲ್ಲಿ. ಅನಂಬ್ರಾ ರಾಜ್ಯದ ಗವರ್ನರ್ ಚುನಾವಣೆಗೆ ನಿಂತರು, ಗೆದ್ದವರು ಕ್ರಿಸ್ ಎಂಗಿಗೆ ಎಂದು ಘೋಷಣೆಯಾಯಿತು. ಓಬಿ ಕೋರ್ಟಿಗೆ ಹೋದರು, ಸುಮಾರು ಮೂರು ವರ್ಷ ಬಾಕಿ ವಸೂಲಿಗೆ ಅಲೆಯುವ ಅಂಗಡಿಯವರ ಹಾಗೆ ಬಿಡದೆ ಅಲೆದರು, ಕೊನೆಗೆ 2006ರ ಮಾರ್ಚ್‌ನಲ್ಲಿ ಗೆದ್ದವರು ನೀವೇ ಎಂಬ ತೀರ್ಪು ತಂದರು. ಅದೇ ನವೆಂಬರ್‌ನಲ್ಲಿ ರಾಜ್ಯದ ಶಾಸಕರು ಅವರನ್ನು ಕೆಳಗಿಳಿಸಿದರು. (ಉಪ ಗವರ್ನರ್ ವರ್ಜೀನಿಯಾ ಎಟಿಯಾಬಾ ಆ ಕುರ್ಚಿಗೆ ಬಂದು ನೈಜೀರಿಯಾದ ಮೊದಲ ಮಹಿಳಾ ಗವರ್ನರ್ ಆದರು. ಅವರದ್ದೇ ಒಂದು ಪುಸ್ತಿಕೆ ಆಗುತ್ತದೆ.) ಮತ್ತೆ ಕೋರ್ಟು, 2007ರ ಫೆಬ್ರವರಿಯಲ್ಲಿ ಮತ್ತೆ ಕುರ್ಚಿ. 2003ರಿಂದ ಎಣಿಸಿ ನಾಲ್ಕು ವರ್ಷ ಮುಗಿಯಿತೆಂದು ಚುನಾವಣೆ ನಡೆದು, ಮೇ ತಿಂಗಳಲ್ಲಿ ಹೊಸ ಗವರ್ನರ್ ಬಂದರು. ಆಗ ಓಬಿ ಕೇಳಿದ್ದು ಪಕ್ಕಾ ವ್ಯಾಪಾರಿ ಪ್ರಶ್ನೆ: ನನ್ನ ನಾಲ್ಕು ವರ್ಷ ಎಣಿಸಬೇಕಾದ್ದು ಚುನಾವಣೆಯಿಂದಲೋ, ಸರಕು ಕೈಗೆ ಬಂದ ದಿನದಿಂದಲೋ? ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಸರಕು ಕೈಗೆ ಬಂದ ದಿನದಿಂದಲೇ ಎಂದಿತು, ಕುರ್ಚಿ ಮತ್ತೆ ಓಬಿಗೆ ಬಂತು. ಅದಕ್ಕೇ ಅನಂಬ್ರಾದ ಗವರ್ನರ್ ಚುನಾವಣೆ ಈಗಲೂ ದೇಶದ ಸಾರ್ವತ್ರಿಕ ಚುನಾವಣೆಯ ಜೊತೆ ನಡೆಯುವುದಿಲ್ಲ.

ಈ ಭಾಗವನ್ನೇ ಜಾಸ್ತಿ ಬರೆದಿದ್ದೇವೆ, ನಮಗೆ ಇಷ್ಟವಾಗಿದ್ದೂ ಇದೇ. 2014ರವರೆಗಿನ ಆಡಳಿತ ಬೇಗ ಮುಗಿಸಿದ್ದೇವೆ. ಸುಮ್ನೆ ಹೊಗಳಿಯೂ ಇಲ್ಲ. ಹೊರದೇಶಗಳಲ್ಲಿ ಗುಟ್ಟಾಗಿಟ್ಟ ಕಂಪನಿ, ಆಸ್ತಿಗಳನ್ನು ಬಯಲು ಮಾಡಿದ 2021ರ ಸೋರಿಕೆ ಕಡತ ಪಂಡೋರಾ ಪೇಪರ್ಸ್‌ನಲ್ಲಿ ಅವರ ಹೆಸರೂ ಬಂದಿತ್ತು, ಅದಕ್ಕೂ ಒಂದು ಪುಟ ಇದೆ. ಆಮದು ಮಾಡಿಯೇ ಬೆಳೆದವರು 2023ರಲ್ಲಿ ಲೇಬರ್ ಪಾರ್ಟಿಯಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ, ದೇಶ ಬರೀ ಕೊಳ್ಳುವುದು ಬಿಟ್ಟು ತಯಾರಿಸಬೇಕು ಎಂದು ಊರೂರಲ್ಲಿ ಹೇಳಿದ್ದೂ ಇದೆ. ಸುಮಾರು 61 ಲಕ್ಷ ವೋಟು ಬಂತು, ಚುನಾವಣೆ ಗೆದ್ದ ಎದುರಾಳಿ ಟಿನುಬು ಅವರ ಸ್ವಂತ ನೆಲೆ ಲಾಗೋಸ್‌ನಲ್ಲೇ ಓಬಿ ಮುಂದಿದ್ದರು, ಆದರೂ ಒಟ್ಟಿನಲ್ಲಿ ಮೂರನೇ ಸ್ಥಾನ. ಮತ್ತೆ ಕೋರ್ಟಿಗೆ ಹೋದರು. ಈ ಸಲ ಸೋತರು.

ಇನ್ನು ಮುಂದೆ ಅಂಗಡಿಯವರು ರಾಜಕೀಯಕ್ಕೆ ಹೋಗಿದ್ದರೆ ನಮ್ಮ ಪುಸ್ತಿಕೆಯೂ ಅವರ ಹಿಂದೆ ಹೋಗುತ್ತದೆ. ಒಪ್ಪಿಗೆ ಇಲ್ಲದವರು ಪುಸ್ತಿಕೆ ವಾಪಸ್ ಕಳಿಸಿ, 40 ರೂಪಾಯಿಯನ್ನು ಮುಂದಿನ ತಿಂಗಳ ಲೆಕ್ಕಕ್ಕೆ ಹಿಡಿಯುತ್ತೇವೆ. ಅಂಚೆ ಖರ್ಚು ನಮ್ಮದೇ.

ಇಂತಿ,
ಪುಸ್ತಿಕೆ ಬಳಗ